ಗಿಲಾವು ಹೊಡೆದ ಮೇಲೆ ಕಾಂಕ್ರೀಟಿನ ಹುಳುಕು ಹಿಡಿಯೋದು ಹೇಗೆ? ಹ್ಯಾಮರ್ ವರದಿ ಒಂದೇ ಸಾಕಾ?

ಮೆಟ್ಟಿಲ_ಕೆಳಗೆ · ಬೆಳಗ್ಗೆ 8:40
ನಾಲ್ಕು ಮಹಡಿಯ ಆರ್‌ಸಿಸಿ ಫ್ರೇಮ್ ಕಟ್ಟಡ, ನಡುವೆ ಬ್ಲಾಕ್ ಗೋಡೆ. ಗಿಲಾವು ಮುಗಿದು ಒಂದು ಕೋಟ್ ಬಣ್ಣವೂ ಆಗಿದೆ. ಕೈಗೆ ಸಿಕ್ಕಿರೋ ದಾಖಲೆ ಎರಡೇ: 28 ದಿನದ ಕ್ಯೂಬ್ ವರದಿ (ಅಚ್ಚಿಗೆ ತುಂಬಿದ ಕಾಂಕ್ರೀಟ್ ತುಂಡನ್ನ ಒಡೆದು ನೋಡಿದ್ದು), ಒಂದು ರಿಬೌಂಡ್ ಹ್ಯಾಮರ್ ವರದಿ (ಕಂಬದ ಮೈಗೆ ಹೊಡೆದು ನೋಡಿದ್ದು). ಹ್ಯಾಮರ್ ವರದಿಯಲ್ಲಿ 12 ಜಾಗದ ಅಂಕಿ ಇದೆ. ಸರಾಸರಿ 38, ಷರಾ "ಎಂ25 ತೃಪ್ತಿಕರ" (ಎಂ25 ಅಂದ್ರೆ ಚದರ ಮಿ.ಮೀ.ಗೆ 25 ನ್ಯೂಟನ್ ಶಕ್ತಿಯ ಕಾಂಕ್ರೀಟ್ ಗ್ರೇಡ್). ಹನ್ನೆರಡೂ ನೆಲಮಹಡಿಯ ಕಂಬಗಳು, ಎಲ್ಲವೂ ನೆಲದಿಂದ 1.2 ಮೀಟರ್ ಎತ್ತರದಲ್ಲಿ. ಇಷ್ಟರ ಮೇಲೆ ಕಾಂಕ್ರೀಟ್ ಚೆನ್ನಾಗಿದೆ ಅಂತ ಸಹಿ ಹಾಕಬಹುದಾ? ಬೇಡ ಅಂದ್ರೆ ಇನ್ನೇನು ನೋಡಬೇಕು, ಯಾವುದು ಮೊದಲು?

ಕರಣೆ_ಕೈ · 8:52
ಗಿಲಾವು ಕೆತ್ತಿ ಹೊಡೆದಿದ್ದಾರಾ, ಗಿಲಾವಿನ ಮೇಲೇ ಹೊಡೆದಿದ್ದಾರಾ? ಮೊದಲು ಅದು ಹೇಳಿ.

ಮೆಟ್ಟಿಲ_ಕೆಳಗೆ · 8:55
ವರದಿಯಲ್ಲಿ ಅದರ ಸುದ್ದಿಯೇ ಇಲ್ಲ. ಕಂಬದ ಮೇಲೆ ಕೆತ್ತಿ ಮುಚ್ಚಿದ ಗುರುತೂ ಕಾಣ್ತಿಲ್ಲ.

ಕರಣೆ_ಕೈ · 8:57
ಹಂಗಾದ್ರೆ ಅದು ಗಿಲಾವಿನ ವರದಿ. ಫೈಲಿನಿಂದ ತೆಗೆದು ಪಕ್ಕಕ್ಕಿಡಿ.

ಮೈಕ್ರೋಸೆಕೆಂಡ್ · 9:20
ಪಕ್ಕಕ್ಕಿಡೋ ಮೊದಲು ಆ ಹ್ಯಾಮರ್ ಏನು ಅಳೆಯುತ್ತೆ ಅಂತ ತಿಳ್ಕೊಳ್ಳಿ. ಒಳಗೆ ಸ್ಪ್ರಿಂಗ್‌ಗೆ ಕಟ್ಟಿದ ಒಂದು ತೂಕ ಇರುತ್ತೆ. ಅದು ಬಡಿದು ಎಷ್ಟು ಹಿಂದಕ್ಕೆ ಜಿಗಿಯಿತು ಅನ್ನೋದೇ ಅಂಕಿ. ಅಂದ್ರೆ ಮೇಲ್ಮೈ ಎಷ್ಟು ಗಡುಸು ಅಂತ ಅಷ್ಟೇ. ಮೇಲಿನ 20ರಿಂದ 30 ಮಿ.ಮೀ. ಪದರ ಬಿಟ್ಟರೆ ಒಳಗಿನದು ಅದಕ್ಕೆ ಗೊತ್ತಾಗಲ್ಲ. ಕಂಬದ ಹೊಟ್ಟೆಯಲ್ಲಿ ಮುಷ್ಟಿಗಾತ್ರದ ಪೊಟರೆ ಇದ್ರೂ 38 ಅಂತಲೇ ತೋರಿಸುತ್ತೆ.

ಸರಿಯಾಗಿ ಮಾಡೋ ಕ್ರಮ ಹೀಗೆ. ಗಿಲಾವು ಪೂರ್ತಿ ತೆಗೆದು ಕಾಂಕ್ರೀಟ್ ಮೈಯನ್ನು ಕಾರ್ಬೊರಂಡಮ್ ಕಲ್ಲಿನಿಂದ ಉಜ್ಜಬೇಕು, ಒಣಗಿರಬೇಕು. ಒಂದೊಂದು ಜಾಗದಲ್ಲಿ ಕನಿಷ್ಠ 6 ಏಟು, ಒಂದೇ ಚುಕ್ಕೆಗೆ ಎರಡು ಸಲ ಬೇಡ, ಒಂದಕ್ಕೊಂದು 25 ಮಿ.ಮೀ. ಆದ್ರೂ ದೂರ. ಜಲ್ಲಿ ಕಲ್ಲಿನ ಮೇಲೆ ಬಿದ್ದರೆ ಅಂಕಿ ಏರುತ್ತೆ, ಗಾಳಿಗುಳ್ಳೆ ಮೇಲೆ ಬಿದ್ದರೆ ಇಳಿಯುತ್ತೆ. ಹೊಂದದ ಅಂಕಿ ಬಿಟ್ಟು ಸರಾಸರಿ ತೆಗೀಬೇಕು. ಸ್ಲ್ಯಾಬ್‌ನ ಅಡಿಮೈಗೆ ಮೇಲ್ಮುಖವಾಗಿ ಹೊಡೆದಾಗ ತೂಕ ತನ್ನ ಭಾರಕ್ಕೇ ಕೆಳಗೆ ಬರುತ್ತೆ, ಅದೇ ಕಾಂಕ್ರೀಟ್ ಹೆಚ್ಚಿನ ಅಂಕಿ ಕೊಡುತ್ತೆ, ಅದಕ್ಕೆ ಕೋನದ ತಿದ್ದುಪಡಿ ಬೇಕು. ಕಾಂಕ್ರೀಟ್ ಒದ್ದೆ ಇದ್ದರೆ ಕಡಿಮೆ ತೋರಿಸುತ್ತೆ. ಹಳೇ ಕಟ್ಟಡದಲ್ಲಿ ಮೇಲ್ಮೈ ಕಾರ್ಬೊನೇಟ್ ಆಗಿ (ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ) ಗಡುಸಾಗಿರೋದ್ರಿಂದ ನಿಜಕ್ಕಿಂತ ಶೇಕಡಾ 50ರವರೆಗೂ ಹೆಚ್ಚು ತೋರಿಸಬಹುದು. ಎಲ್ಲಾ ಸರಿ ಮಾಡಿದ್ರೂ ಶಕ್ತಿಯ ಅಂದಾಜು 25 ಶೇಕಡಾ ಆಚೀಚೆ. "ಎಂ25 ತೃಪ್ತಿಕರ" ಅನ್ನೋ ಷರಾ ಬರೆಯೋ ಹಕ್ಕು ಆ ಉಪಕರಣಕ್ಕೇ ಇಲ್ಲ.

ಸೈಟ್_ಡೈರಿ · 9:41
ಮೈಕ್ರೋ ಅವರೇ, ಹ್ಯಾಮರನ್ನ ಅಷ್ಟು ಕಸ ಮಾಡ್ಬೇಡಿ. ಶಕ್ತಿ ಅಳೆಯೋಕೆ ಅದು ಕೆಟ್ಟದ್ದು ನಿಜ, ಹೋಲಿಕೆಗೆ ಬಲು ಒಳ್ಳೇದು. 60 ಕಂಬಕ್ಕೂ ಒಂದೇ ಥರ ಹೊಡೆದು ಎಲ್ಲ ಕಡೆ 36ರಿಂದ 40 ಬಂದು, ಮೂರು ಕಂಬಕ್ಕೆ ಮಾತ್ರ 26 ಬಂದ್ರೆ, ಮುಂದಿನ ದುಬಾರಿ ಪರೀಕ್ಷೆ ಎಲ್ಲಿ ಮಾಡ್ಬೇಕು ಅಂತ ಗೊತ್ತಾಯ್ತಲ್ಲ. ಅರ್ಧ ದಿನದ ಕೆಲಸ. ಇಲ್ಲಿ ತಪ್ಪಿದ್ದು 12 ಜಾಗ ಆರಿಸಿದ ರೀತಿಯಲ್ಲಿ. ಕೈಗೆ ಸುಲಭವಾಗಿ ಎಟುಕೋ ಎತ್ತರದಲ್ಲಿ, ಕಂಬದ ಅತ್ಯಂತ ಚೆನ್ನಾಗಿ ತುಂಬಿರೋ ಭಾಗಕ್ಕೇ ಹೊಡೆದಿದ್ದಾರೆ.

ಮೈಕ್ರೋಸೆಕೆಂಡ್ · 9:46
ಹೋಲಿಕೆಗೆ ಅನ್ನೋದನ್ನ ಒಪ್ತೀನಿ. ಷರಾ ಬಗ್ಗೆ ಮಾತ್ರ ನನ್ನ ತಕರಾರು.

ಸುಮ್ನೆ_ಓದ್ತೀನಿ · 10:02
ಕ್ಯೂಬ್ ವರದಿ ಪಾಸಾಗಿದೆಯಲ್ಲ? ಅದು ನೇರವಾಗಿ ಒಡೆದು ನೋಡಿದ್ದು. ಅದಕ್ಕಿಂತ ಇನ್ನೇನು ಬೇಕು?

ಜಲ್ಲಿ_20ಎಂಎಂ · 10:19
ಕ್ಯೂಬ್ ಹೇಳೋದು ಲಾರಿಯಲ್ಲಿ ಬಂದ ಕಾಂಕ್ರೀಟ್ ಬಗ್ಗೆ. ಕಂಬದಲ್ಲಿ ಕೂತ ಕಾಂಕ್ರೀಟ್ ಬಗ್ಗೆ ಅಲ್ಲ. 150 ಮಿ.ಮೀ. ಅಚ್ಚಿಗೆ ಮೂರು ಪದರವಾಗಿ ತುಂಬಿ, ಪದರಕ್ಕೆ 35 ಸಲ ಸಲಾಕೆಯಿಂದ ಕುಟ್ಟಿ, 28 ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಒಡೀತಾರೆ. ಕಂಬಕ್ಕೆ ಯಾರು ಅಷ್ಟು ಉಪಚಾರ ಮಾಡ್ತಾರೆ? ಕ್ಯೂಬ್ ತುಂಬಿದ ಮೇಲೆ "ಗಟ್ಟಿಯಾಯ್ತು, ಪಂಪಲ್ಲಿ ಹೋಗ್ತಿಲ್ಲ" ಅಂತ ಪೈಪ್ ಹಿಡಿದು ನೀರು ಬಿಟ್ಟರೆ ಅದು ಕ್ಯೂಬಲ್ಲಿ ಬರಲ್ಲ. 50 ಕೆ.ಜಿ. ಚೀಲಕ್ಕೆ 25 ಲೀಟರ್ ನೀರು ಅಂದ್ರೆ ನೀರು-ಸಿಮೆಂಟ್ ಅನುಪಾತ 0.5. ಚೀಲಕ್ಕೆ ಐದೇ ಲೀಟರ್ ಜಾಸ್ತಿ ಬಿದ್ದರೆ 0.6, ಶಕ್ತಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಹೋಯ್ತು. ಮರಳು ಒದ್ದೆ ಇದ್ದರಂತೂ ಯಾರೂ ನೀರು ಸುರಿಯದೇನೇ ಇದಾಗುತ್ತೆ. ತೇವ ಶೇಕಡಾ 5 ಇರೋ 100 ಕೆ.ಜಿ. ಮರಳು ಸುಮಾರು 5 ಲೀಟರ್ ನೀರನ್ನ ಹೊತ್ತುಕೊಂಡೇ ಮಿಕ್ಸರಿಗೆ ಬೀಳುತ್ತೆ.

ವರದಿ ಓದುವಾಗ ಇನ್ನೊಂದು ನೋಡಿ. ನಿಜವಾದ ಕ್ಯೂಬ್‌ಗಳು ಒಂದಕ್ಕೊಂದು ಒಂದಿಷ್ಟು ಏರುಪೇರಾಗೇ ಆಗುತ್ತವೆ. ಸರಾಸರಿಯಿಂದ 15 ಶೇಕಡಾವರೆಗೆ ಆಚೀಚೆ ಇದ್ದರೂ ಮಾನ್ಯ. ಪ್ರತಿ ಮೂರು ಕ್ಯೂಬೂ 31.2, 31.3, 31.2 ಅಂತ ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗೆ ಬಂದಿದ್ರೆ, ಒಡೆದದ್ದು ಕ್ಯೂಬೋ ಪೆನ್ನಿನ ನಿಬ್ಬೋ ಅಂತ ಅನುಮಾನ ಪಡಿ. ಕ್ಯೂಬ್ ಗುರುತು, ಯಾವ ಮಹಡಿಯ ಯಾವ ಭಾಗದ್ದು, ತುಂಬಿದ ತಾರೀಕು, ಲಾರಿ ಚೀಟಿ ಸಂಖ್ಯೆ, ಈ ನಾಲ್ಕೂ ಇಲ್ಲದ ವರದಿಯನ್ನ ಯಾವ ಕಂಬಕ್ಕೂ ಜೋಡಿಸೋಕಾಗಲ್ಲ.

ಬೈಂಡಿಂಗ್_ವೈರ್ · 10:47
ಎಲ್ಲರೂ ಶಕ್ತಿ ಶಕ್ತಿ ಅಂತಿದ್ದೀರಿ. ಒಳಗೆ ಅಡಗಿದ ದೋಷಗಳಲ್ಲಿ ಕಾಂಕ್ರೀಟ್ ಗ್ರೇಡ್ ಕಡಿಮೆ ಆಗೋದು ಒಂದು ಪಾಲು ಅಷ್ಟೇ. ಕಂಬಿ ಎಲ್ಲಿ ಕೂತಿದೆ ಅನ್ನೋದು ಅದಕ್ಕಿಂತ ದೊಡ್ಡದು.

ಬಾಲ್ಕನಿ ತಗೊಳ್ಳಿ. ಚಾಚಿಕೊಂಡ ಸ್ಲ್ಯಾಬ್‌ಗೆ ಕಂಬಿ ಮೇಲ್ಭಾಗದಲ್ಲಿ ಇರಬೇಕು, ಎಳೆತ ಬರೋದು ಅಲ್ಲೇ. ಕಟ್ಟುವಾಗ ಮೇಲೇ ಕಟ್ಟಿರ್ತಾರೆ. ಮೋಲ್ಡ್ ಹಾಕೋ (ಕಾಂಕ್ರೀಟ್ ಸುರಿಯೋ) ದಿನ ಬಾಣಲಿ ಹೊತ್ತವರೆಲ್ಲ ಅದರ ಮೇಲೇ ಓಡಾಡ್ತಾರೆ, ಕಂಬಿ ತುಳಿದು ಕೆಳಗೆ ಕೂರುತ್ತೆ. ಲೆಕ್ಕ ಹಾಕಿ: 125 ಮಿ.ಮೀ. ದಪ್ಪ, 20 ಮಿ.ಮೀ. ಕವರ್ (ಕಂಬಿಯನ್ನ ಮುಚ್ಚೋ ಕಾಂಕ್ರೀಟ್ ಪದರ), 10 ಎಂಎಂ ಕಂಬಿ ಅಂದ್ರೆ ಕೆಲಸಕ್ಕೆ ಬರೋ ಆಳ 100 ಮಿ.ಮೀ. ಕಂಬಿ 40 ಮಿ.ಮೀ. ಕೆಳಗೆ ಹೋದ್ರೆ ಉಳಿದದ್ದು 60. ಕಾಂಕ್ರೀಟೂ ಅದೇ, ಕಂಬಿಯೂ ಅಷ್ಟೇ, ಆದರೆ ಬಾಗು ತಡೆಯೋ ಶಕ್ತಿ ಶೇಕಡಾ 40ಕ್ಕಿಂತ ಹೆಚ್ಚು ಹೋಯ್ತು. ಕ್ಯೂಬ್ ಪಾಸ್, ಹ್ಯಾಮರ್ ಪಾಸ್, ಬಾಲ್ಕನಿ ಫೇಲ್. ಕಂಬಿ ಕೆಳಗೆ ಒಂದೊಂದು ಮೀಟರಿಗೆ ಕುರ್ಚಿ ಕಂಬಿ ಕೊಟ್ಟು, ಓಡಾಡೋಕೆ ಹಲಗೆ ಹಾಸಿದ್ರೆ ಇಡೀ ಸಮಸ್ಯೆಯೇ ಇಲ್ಲ.

ಈಗ ಪತ್ತೆ ಹೇಗೆ ಅಂದ್ರೆ ಕವರ್ ಮೀಟರ್, ಕಂಬಿ ಎಷ್ಟು ಆಳದಲ್ಲಿದೆ ಅಂತ ಮೇಲಿಂದಲೇ ತೋರಿಸೋ ಉಪಕರಣ. ಬಾಲ್ಕನಿಯ ನೆಲದ ಮೇಲಿಂದ, ಗೋಡೆ ಪಕ್ಕದಲ್ಲೇ ಇಟ್ಟು ಅಳೆಯಿರಿ, ಎಳೆತ ಅತಿ ಹೆಚ್ಚು ಇರೋದು ಅಲ್ಲಿ. ಬರೋ ಅಂಕಿಯಲ್ಲಿ ಟೈಲ್ಸ್ ಮತ್ತೆ ಅದರ ಕೆಳಗಿನ ಗಾರೆಯ ದಪ್ಪ ಕಳೆಯೋದು ಮರೀಬೇಡಿ.

ಮೆಟ್ಟಿಲ_ಕೆಳಗೆ · 10:58
ಇದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಬಾಲ್ಕನಿ ಎಂಟು ಇವೆ. ಎಂಟನ್ನೂ ನೋಡಬೇಕಾ?

ಬೈಂಡಿಂಗ್_ವೈರ್ · 11:01
ಎಂಟನ್ನೂ. ಒಂದಕ್ಕೆ ಹತ್ತು ನಿಮಿಷ. ಒಂದು ಬಾಲ್ಕನಿಯಲ್ಲಿ ಯಾರೂ ತುಳಿದಿಲ್ಲ ಅಂದ ಮಾತ್ರಕ್ಕೆ ಪಕ್ಕದ್ದರಲ್ಲೂ ತುಳಿದಿಲ್ಲ ಅಂತ ಅರ್ಥ ಅಲ್ಲ.

ಕರಣೆ_ಕೈ · 11:30
ಕಂಬದ ವಿಷಯಕ್ಕೆ ಬರೋಣ. ಹುಳುಕು ಇರೋದು ಎದೆಮಟ್ಟದಲ್ಲಲ್ಲ, ಬುಡದಲ್ಲಿ. ಮೇಲಿಂದ ಮೂರು ಮೀಟರ್ ಸುರಿದಾಗ ಜಲ್ಲಿ ರಿಂಗುಗಳಿಗೆ (ಉದ್ದ ಕಂಬಿಗಳನ್ನ ಸುತ್ತಿ ಹಿಡಿಯೋ ಕಂಬಿ) ಬಡಿದು ಬೇರೆಯಾಗಿ ಕೆಳಗೆ ಬೀಳುತ್ತೆ, ಸಿಮೆಂಟ್ ಹಾಲು ಶಟರಿಂಗ್ (ಕಾಂಕ್ರೀಟ್ ಸುರಿಯೋ ಅಚ್ಚು) ಸಂದಿಯಿಂದ ಸೋರಿ ಹೋಗುತ್ತೆ. ಉಳಿಯೋದು ಬರೀ ಜಲ್ಲಿ ಗುಡ್ಡೆ. ಅದಕ್ಕೇ ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿಯಬೇಡಿ ಅನ್ನೋದು. ಇದರ ಜೊತೆ ಮರದ ಪುಡಿ, ಕಟ್ಟು ತಂತಿ ತುಂಡು, ಸಿಮೆಂಟ್ ಚೀಲದ ಚೂರು. ಶಟರಿಂಗ್ ಬುಡದಲ್ಲಿ ಕಸ ತೆಗೆಯೋ ಕಿಂಡಿ ಬಿಡದಿದ್ರೆ ಇವೆಲ್ಲ ಒಳಗೇ ಸಮಾಧಿ.

ನೋಡೋ ವಿಧಾನ: ಕಂಬದ ಬುಡದಲ್ಲಿ ನೆಲದಿಂದ 300 ಮಿ.ಮೀ. ಒಳಗೆ, ಎರಡು ಎದುರುಬದುರು ಮೈಯಲ್ಲಿ ಅಂಗೈಯಗಲ ಗಿಲಾವು ತೆಗೆಯಿರಿ. ಕಾಂಕ್ರೀಟ್ ಮೈ ಮೇಲೆ ಪ್ಲೈವುಡ್‌ನ ನಯ, ಹಲಗೆ ಸಂದಿಯ ಗೆರೆ, ಸಣ್ಣ ಗಾಳಿಗುಳ್ಳೆ ಗುರುತು ಕಂಡರೆ ಅದು ಅಚ್ಚಿನಿಂದ ಹಾಗೇ ಬಂದ ಮೈ. ಕರಣೆ ಎಳೆದ ಗೆರೆ, ಬೇರೆ ಬಣ್ಣದ ತೇಪೆ ಕಂಡರೆ ಯಾರೋ ಮುಚ್ಚಿದ್ದಾರೆ ಅಂತ. ಸುತ್ತಿಗೆ ತುದಿಯಿಂದ ತಟ್ಟಿ: ಗಟ್ಟಿ ಕಾಂಕ್ರೀಟ್ ಟಣ್ ಅನ್ನುತ್ತೆ, ತೇಪೆ ಡಬ್ ಅನ್ನುತ್ತೆ. ತೇಪೆ ಸಿಕ್ಕಿದ ಕಡೆ ಉಳಿಯಲ್ಲಿ ಕೆತ್ತಿ ಎಷ್ಟು ಆಳಕ್ಕಿದೆ ನೋಡಿ. 10 ಮಿ.ಮೀ. ಆದ್ರೆ ಬಿಡಿ. ಕಂಬಿ ಹಿಂದಕ್ಕೂ ಹೋಗಿದ್ರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನ ಕರೀರಿ.

ಸುಮ್ನೆ_ಓದ್ತೀನಿ · 11:38
ಹನಿಕೂಂಬ್ (ಜೇನುಗೂಡಿನಂಥ ಪೊಳ್ಳು) ಬಂದ್ರೆ ಸಿಮೆಂಟ್ ಗಾರೆ ತುಂಬಿ ಮುಚ್ಚೋದು ತಪ್ಪಾ? ಎಲ್ಲ ಕಡೆ ಅದನ್ನೇ ಮಾಡ್ತಾರಲ್ಲ.

ಕರಣೆ_ಕೈ · 11:49
ಮಾಡ್ತಾರೆ. ಅದು ಪೌಡರ್ ಹಚ್ಚಿದ ಹಾಗೆ. ಸರಿಯಾದ ರಿಪೇರಿಗೆ ಸಡಿಲ ಜಲ್ಲಿ ಎಲ್ಲ ಕೆತ್ತಿ ಗಟ್ಟಿ ಕಾಂಕ್ರೀಟ್ ಸಿಗೋವರೆಗೆ ಹೋಗಬೇಕು, ಕಂಬಿ ಬಯಲಾದ್ರೆ ಅದರ ಹಿಂದೆ 20ರಿಂದ 25 ಮಿ.ಮೀ. ಜಾಗ ಬಿಡಿಸಬೇಕು. ಅಂಚನ್ನ ಕಟರ್‌ನಿಂದ ನೇರ ಕೊಯ್ಯಬೇಕು. ಅಂಚು ತೆಳ್ಳಗೆ ಇಳಿದರೆ ಹೊಸದು ಅಲ್ಲಿಂದಲೇ ಏಳುತ್ತೆ. ತೊಳೆದು ನೆನೆಸಿ, ಮೇಲೆ ನೀರು ನಿಲ್ಲದಂತೆ ಒರೆಸಿ, ಅಚ್ಚು ಕಟ್ಟಿ ಮೈಕ್ರೋಕಾಂಕ್ರೀಟ್ (ಸಣ್ಣ ಜಲ್ಲಿಯ, ಹರಿಯೋ ರಿಪೇರಿ ಕಾಂಕ್ರೀಟ್) ಸುರೀಬೇಕು. ಮತ್ತೆ ಕಂಬ ಆದ್ರೆ, ಕೆತ್ತೋಕೆ ಮುಂಚೆ ಮೇಲಿನ ತೊಲೆಗೆ ಜಾಕ್ ಕೊಡಬೇಕು. ಈ ಕೊನೆಯದನ್ನ ಬಿಟ್ಟರೆ ರಿಪೇರಿಯೇ ಅಪಘಾತ.

ಜಲ್ಲಿ_20ಎಂಎಂ · 12:05
ಯಾಕಿಷ್ಟು ಗಂಭೀರ ಅಂದ್ರೆ, ಕಾಂಕ್ರೀಟಿನೊಳಗೆ ಶೇಕಡಾ 5ರಷ್ಟು ಪೊಳ್ಳು ಉಳಿದರೆ ಶಕ್ತಿ ಸುಮಾರು 30 ಶೇಕಡಾ ಇಳಿಯುತ್ತೆ. ವೈಬ್ರೇಟರ್ ಸೂಜಿ ನೆಟ್ಟಗೆ ಇಳಿಸಿ, ಹಿಂದಿನ ಪದರದೊಳಕ್ಕೂ 100 ಮಿ.ಮೀ. ಹೋಗೋ ಹಾಗೆ ಬಿಟ್ಟು, ಗುಳ್ಳೆ ಬರೋದು ನಿಂತ ಮೇಲೆ ನಿಧಾನಕ್ಕೆ ಎತ್ತಬೇಕು. ಸರ್ರಂತ ಎಳೆದ್ರೆ ಸೂಜಿ ಇದ್ದ ಜಾಗವೇ ತೂತಾಗಿ ಉಳಿಯುತ್ತೆ. ಸೂಜಿಯಿಂದ ಕಾಂಕ್ರೀಟನ್ನ ಪಕ್ಕಕ್ಕೆ ತಳ್ಳೋದು ಇನ್ನೂ ಕೆಟ್ಟದು. ರಸ ಮುಂದೆ ಓಡುತ್ತೆ, ಜಲ್ಲಿ ಹಿಂದೆ ಉಳಿಯುತ್ತೆ.

ಮೈಕ್ರೋಸೆಕೆಂಡ್ · 12:40
ಬುಡದ ಒಳಗಿನ ಪೊಳ್ಳನ್ನ ಕಂಡುಹಿಡಿಯೋಕೆ ಅಲ್ಟ್ರಾಸಾನಿಕ್ ಪಲ್ಸ್. ಕಂಬದ ಒಂದು ಮೈಯಿಂದ ಧ್ವನಿ ಕಳಿಸಿ ಎದುರು ಮೈಯಲ್ಲಿ ಹಿಡಿಯೋದು. 300 ಮಿ.ಮೀ. ಕಂಬವನ್ನ ದಾಟೋಕೆ 75 ಮೈಕ್ರೋಸೆಕೆಂಡ್ ಹಿಡಿದ್ರೆ ವೇಗ ಸೆಕೆಂಡಿಗೆ 4 ಕಿ.ಮೀ., ಒಳ್ಳೇದು. 100 ಹಿಡಿದ್ರೆ 3 ಕಿ.ಮೀ., ಅನುಮಾನ ಪಡಬೇಕು. ಧ್ವನಿ ಪೊಳ್ಳನ್ನ ಸುತ್ತಿಕೊಂಡು ಬರೋದ್ರಿಂದಲೇ ತಡ.

ಮೋಸ ಹೋಗೋ ಜಾಗ ಮೂರಿವೆ. ಎರಡೂ ಮೈಯ ಗಿಲಾವು ತೆಗೀಬೇಕು, ಗ್ರೀಸ್ ಹಚ್ಚಬೇಕು, ನಡುವೆ ಗಾಳಿ ಇದ್ದರೆ ಅಂಕಿಗೆ ಬೆಲೆಯಿಲ್ಲ. ಧ್ವನಿಯ ದಾರಿಗೆ ಸಮಾನಾಂತರವಾಗಿ ಕಂಬಿ ಇದ್ದರೆ ಉಕ್ಕಿನಲ್ಲಿ ಅದು ಸೆಕೆಂಡಿಗೆ 5.9 ಕಿ.ಮೀ. ಓಡೋದ್ರಿಂದ ಕೆಟ್ಟ ಕಾಂಕ್ರೀಟೂ ಒಳ್ಳೇದಾಗಿ ಕಾಣುತ್ತೆ. ಮೂರನೇದು, ಬಿರುಕಿನಲ್ಲಿ ನೀರು ತುಂಬಿದ್ರೆ ಧ್ವನಿ ಅದರಲ್ಲೇ ದಾಟಿಬಿಡುತ್ತೆ, ಬಿರುಕು ಇಲ್ಲವೇನೋ ಅನ್ನಿಸುತ್ತೆ. ಒಂದೇ ಮೈ ಸಿಗೋ ಕಡೆ ಎರಡೂ ತುದಿಯನ್ನ ಒಂದೇ ಬದಿಗೆ ಇಟ್ಟು ಅಳೆಯೋದೂ ಉಂಟು. ಅದು ಮೇಲ್ಪದರದ ಸುದ್ದಿಯನ್ನಷ್ಟೇ ಹೇಳುತ್ತೆ, ವೇಗವೂ ಕಡಿಮೆ ಬರುತ್ತೆ. ಎದುರುಬದುರಿನ ಅಂಕಿ ಜೊತೆ ಅದನ್ನ ಬೆರೆಸಿ ಸರಾಸರಿ ತೆಗೆದ ವರದಿ ನೋಡಿದ್ರೆ ಹರಿದು ಹಾಕಿ.

ತೂಗುಗುಂಡು · 13:10
ಇಷ್ಟೆಲ್ಲ ಸುತ್ತೋ ಬದಲು ಕೋರ್ (ಡ್ರಿಲ್‌ನಿಂದ ಕೊರೆದ ಕಾಂಕ್ರೀಟ್ ಉರುಳೆ) ತೆಗೆದು ಒಡೆದುಬಿಡಿ. ಇದ್ದದ್ದು ಇದ್ದ ಹಾಗೆ ಗೊತ್ತಾಗುತ್ತೆ.

ಸುಮ್ನೆ_ಓದ್ತೀನಿ · 13:14
ಕಂಬಕ್ಕೆ ತೂತು ಕೊರೆದ್ರೆ ಕಟ್ಟಡ ಬಲಹೀನ ಆಗಲ್ವಾ?

ತೂಗುಗುಂಡು · 13:22
300 × 450 ಕಂಬದ ಅಡ್ಡಕೊಯ್ತ 1,35,000 ಚದರ ಮಿ.ಮೀ. 75 ವ್ಯಾಸ, 150 ಉದ್ದದ ಕೋರ್ ತೆಗೆದ್ರೆ ಆ ಮಟ್ಟದಲ್ಲಿ ಹೋಗೋದು 11,250. ಹತ್ತಿರ ಹತ್ತಿರ ಶೇಕಡಾ 8. ಅವತ್ತೇ ಕುಗ್ಗದ ಗ್ರೌಟ್ (ಹರಿಯೋ ಗಾರೆ) ತುಂಬಿದ್ರೆ ಆಯ್ತು.

ಬೈಂಡಿಂಗ್_ವೈರ್ · 13:31
ಕಂಬಿ ಕತ್ತರಿಸದಿದ್ರೆ ಶೇಕಡಾ 8. ಮುಖ್ಯ ಕಂಬಿ ಒಂದು ಕತ್ತರಿಸಿಹೋದ್ರೆ ಲೆಕ್ಕವೇ ಬೇರೆ, ಅದು ಗ್ರೌಟ್‌ನಿಂದ ವಾಪಸ್ ಬರಲ್ಲ. ಕವರ್ ಮೀಟರ್‌ನಿಂದ ಕಂಬಿ ಜಾಗ ಗುರುತು ಹಾಕದೆ ಡ್ರಿಲ್ ಮುಟ್ಟಬಾರದು. ಈಗಾಗಲೇ ಅನುಮಾನ ಇರೋ, ಭಾರ ಹೊತ್ತ ಕಂಬಕ್ಕೆ ಶೇಕಡಾ 8 ಸಣ್ಣದೇನಲ್ಲ. ಮೊದಲು ಡಿಸೈನ್ ಮಾಡಿದವರ ಒಪ್ಪಿಗೆ, ಆಮೇಲೆ ಡ್ರಿಲ್.

ತೂಗುಗುಂಡು · 13:36
ಹಂಗಂತ ಭಾರ ಇಲ್ಲದ ಕಂಬದಲ್ಲಿ ಕೊರೆದು ಅದನ್ನ ಇಡೀ ಕಟ್ಟಡದ ಫಲಿತಾಂಶ ಅಂತ ತೋರಿಸೋ ಚಾಳಿಯೂ ಇದೆ. ಅದಕ್ಕೇನಂತೀರಿ?

ಬೈಂಡಿಂಗ್_ವೈರ್ · 13:40
ಅದೂ ತಪ್ಪೇ. ಹ್ಯಾಮರ್, ಪಲ್ಸ್ ಎರಡರಲ್ಲೂ ಕೆಳಗೆ ಬಿದ್ದ ಜಾಗದಲ್ಲಿ ಕೊರೀಬೇಕು, ಸುಲಭ ಇರೋ ಜಾಗದಲ್ಲಲ್ಲ.

ಮೈಕ್ರೋಸೆಕೆಂಡ್ · 13:52
ಅಂಕಿ ಓದೋದು ಹೀಗೆ. ಕೋರ್ ವ್ಯಾಸ ಜಲ್ಲಿಯ ಗರಿಷ್ಠ ಗಾತ್ರದ ಮೂರು ಪಟ್ಟಾದ್ರೂ ಇರಬೇಕು, 20 ಎಂಎಂ ಜಲ್ಲಿಗೆ 60ಕ್ಕಿಂತ ಕಡಿಮೆ ಬೇಡ. ಉದ್ದ ಮತ್ತು ವ್ಯಾಸದ ಅನುಪಾತಕ್ಕೆ ತಿದ್ದುಪಡಿ ಮಾಡಿ ಕ್ಯೂಬ್ ಶಕ್ತಿಗೆ ಪರಿವರ್ತಿಸಿದ ಮೇಲೆ, ಕನಿಷ್ಠ ಮೂರು ಕೋರ್‌ಗಳ ಸರಾಸರಿ ಗ್ರೇಡಿನ 85 ಶೇಕಡಾ ಮುಟ್ಟಬೇಕು, ಯಾವ ಒಂದೂ 75ಕ್ಕಿಂತ ಕೆಳಗೆ ಹೋಗಬಾರದು. ಎಂ25ಗೆ ಸರಾಸರಿ 21.25, ಒಂಟಿಯಾಗಿ 18.75. ಭಾರತದ ಕಾಂಕ್ರೀಟ್ ಮಾನದಂಡ ಐಎಸ್ 456ರಲ್ಲಿ ಇರೋ ನಿಯಮ ಇದೇ. ಕೋರ್ 22 ಬಂತು ಅಂತ "25 ಆಗಿಲ್ಲ, ಒಡೆದು ಹಾಕಿ" ಅನ್ನೋರಿಗೆ ಇದನ್ನ ತೋರಿಸಿ. ಕೋರ್ ಬರಿಗಣ್ಣಿಗೆ ಹೇಳೋದೂ ಬಹಳ. ಪೊಳ್ಳು, ಜಲ್ಲಿ ಹಂಚಿಕೆ, ಎರಡು ಸಲ ಸುರಿದದ್ದರ ನಡುವಿನ ತಣ್ಣನೆ ಜಂಟಿಯ ಗೆರೆ, ಎಲ್ಲ ಒಡೆಯೋ ಮೊದಲೇ ಕಾಣುತ್ತೆ. ಫೋಟೋ ತೆಗೆಸಿಕೊಳ್ಳಿ.

ಸುಮ್ನೆ_ಓದ್ತೀನಿ · 14:15
ಕೋರ್ ಮೇಲೆ ಏನೋ ದ್ರಾವಣ ಸಿಂಪಡಿಸ್ತಾರಲ್ಲ, ಗುಲಾಬಿ ಆದ್ರೆ ಕೆಟ್ಟುಹೋಗಿದೆ ಅಂತ?

ಜಲ್ಲಿ_20ಎಂಎಂ · 14:21
ಉಲ್ಟಾ. ಗುಲಾಬಿ ಆದ್ರೆ ಕ್ಷಾರ ಉಳಿದಿದೆ, ಚೆನ್ನಾಗಿದೆ. ಬಣ್ಣ ಬರದಿದ್ರೆ ಕಾರ್ಬೊನೇಟ್ ಆಗಿದೆ. ಫಿನಾಲ್ಫ್ತಲೀನ್ ಅದು, ಆಲ್ಕೋಹಾಲ್‌ನಲ್ಲಿ ಶೇಕಡಾ 1ರ ದ್ರಾವಣ. ಹೊಸದಾಗಿ ಒಡೆದ, ಒಣ ಮೈ ಮೇಲೇ ಸಿಂಪಡಿಸಬೇಕು. ಕೊರೆದ ಧೂಳು ಕೂತಿದ್ರೆ ಧೂಳಿಗೇ ಬಣ್ಣ ಬಂದು ದಾರಿ ತಪ್ಪಿಸುತ್ತೆ.

ಇದಕ್ಕೂ ಕವರ್‌ಗೂ ನಂಟಿದೆ. ಒಳ್ಳೆ ಕಾಂಕ್ರೀಟಿನ ಪಿಎಚ್ 12.5ರ ಮೇಲೆ, ಅಲ್ಲಿವರೆಗೂ ಕಂಬಿಗೆ ತುಕ್ಕಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಅದನ್ನ 9ರ ಆಸುಪಾಸಿಗೆ ತರುತ್ತೆ. ಇಳಿಯೋ ಆಳ ವರ್ಷಗಳ ವರ್ಗಮೂಲಕ್ಕೆ ತಕ್ಕಂತೆ. ಉದಾಹರಣೆಗೆ ಮೊದಲ ವರ್ಷ 4 ಮಿ.ಮೀ. ಇಳಿಯೋ ಕಾಂಕ್ರೀಟ್ ಆದ್ರೆ 20 ಮಿ.ಮೀ. ಮುಟ್ಟೋಕೆ 25 ವರ್ಷ ಬೇಕು. ಕವರ್ ಬ್ಲಾಕ್ (ಕವರ್ ಉಳಿಯೋಕೆ ಕಂಬಿಗೆ ಕೊಡೋ ಸಣ್ಣ ತುಂಡು) ಬದಲು ಜಲ್ಲಿ ಚೂರು ಇಟ್ಟು, ಅದು ಜಾರಿ ಕವರ್ 10 ಮಿ.ಮೀ. ಉಳಿದ್ರೆ? ಆರು ವರ್ಷ ಚಿಲ್ಲರೆ. ಕವರ್ ಅರ್ಧ ಆದ್ರೆ ಆಯಸ್ಸು ಕಾಲು ಭಾಗ. ಕವರ್ ಬ್ಲಾಕ್ ಅನ್ನೋ ಸಣ್ಣ ವಸ್ತುವಿನ ಮೇಲೆ ಅಷ್ಟೂ ನಿಂತಿದೆ.

ಸೈಟ್_ಡೈರಿ · 14:50
ಪರೀಕ್ಷೆಗಳ ಮಾತು ಸಾಕಷ್ಟು ಆಯ್ತು, ಒಂದು ಅಡ್ಡ ಮಾತು. ಮುಚ್ಚಿದ ಮೇಲೆ ಹುಡುಕೋದಕ್ಕಿಂತ ಮುಚ್ಚೋ ಮೊದಲು ನಿಂತು ನೋಡೋದೇ ತಪಾಸಣೆ. ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ 2016ರ ಜನವರಿಯಲ್ಲಿ ಬಿರುಗಾಳಿಗೆ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಸುಮಾರು 9 ಟನ್ ಗೋಡೆ ಬಿತ್ತು. ಪುಣ್ಯಕ್ಕೆ ಮಕ್ಕಳು ಇರಲಿಲ್ಲ. ಅಲ್ಲಿನದು ಎರಡು ಪದರದ ಗೋಡೆ, ನಡುವೆ ಪೊಳ್ಳು, ಎರಡನ್ನೂ ಹಿಡಿದಿಡೋಕೆ ಲೋಹದ ಪಟ್ಟಿ. ಪಟ್ಟಿ ಎರಡೂ ಕಡೆ ಗಾರೆಯೊಳಗೆ ಕನಿಷ್ಠ 50 ಮಿ.ಮೀ. ಹೋಗಬೇಕು. ಸಾಕಷ್ಟು ಒಳಗೆ ಹೋಗಿರಲಿಲ್ಲ. ಆಮೇಲೆ ಹುಡುಕಿದ್ರೆ ಒಟ್ಟು 17 ಶಾಲೆ ಮುಚ್ಚಬೇಕಾಯ್ತು. 2017ರ ಫೆಬ್ರವರಿಯಲ್ಲಿ ತನಿಖಾ ವರದಿ ಬಂತು. ಹೊರಗಿನ ಇಟ್ಟಿಗೆ ಒಂದು ವರಸೆ ಏರಿದ ಕೂಡಲೇ ಆ ಪಟ್ಟಿ ಕಣ್ಣಿಗೆ ಮರೆ. ನೋಡೋಕೆ ಸಿಗೋದು ಅರ್ಧ ಗಂಟೆ, ಆ ಅರ್ಧ ಗಂಟೆ ಅಲ್ಲಿ ಯಾರೂ ಇರಲಿಲ್ಲ ಅಂದ್ರೆ ಹತ್ತು ವರ್ಷ ಗೊತ್ತಾಗಲ್ಲ.

ತೂಗುಗುಂಡು · 15:04
ಲಂಡನ್ನಿನ ರೋನನ್ ಪಾಯಿಂಟ್ ಕೂಡ. 22 ಮಹಡಿ, 1968ರ ಮೇ 16ರ ಬೆಳಗಿನ ಜಾವ 18ನೇ ಮಹಡಿಯಲ್ಲಿ ಗ್ಯಾಸ್ ಸಿಡಿದು ಒಂದು ಮೂಲೆ ಪೂರ್ತಿ ಕುಸಿಯಿತು, ನಾಲ್ಕು ಜನ ಸತ್ತರು. 1986ರಲ್ಲಿ ಬಿಚ್ಚಿ ಕೆಡವುವಾಗ ನೋಡಿದ್ರೆ ಪ್ಯಾನೆಲ್ ಜಂಟಿಗಳಲ್ಲಿ ಗಾರೆ ಸರಿಯಾಗಿ ತುಂಬಿರಲಿಲ್ಲ, ಕೆಲವು ಕಡೆ ನ್ಯೂಸ್‌ಪೇಪರ್ ತುರುಕಿದ್ದರು.

ಬೈಂಡಿಂಗ್_ವೈರ್ · 15:09
ಅಲ್ಲಿ ಡಿಸೈನೇ ದುರ್ಬಲ, ಒಂದು ಗೋಡೆ ಹೋದ್ರೆ ಮೇಲಿನದಕ್ಕೆ ಆಸರೆ ಇರಲಿಲ್ಲ. ಪೂರ್ತಿ ತಪ್ಪು ಗಾರೆ ಕೆಲಸದವರ ತಲೆಗೆ ಕಟ್ಟಬೇಡಿ.

ತೂಗುಗುಂಡು · 15:11
ಕಟ್ಟಿಲ್ಲ. ಎರಡೂ ಇತ್ತು ಅಂದೆ.

ಸೈಟ್_ಡೈರಿ · 15:25
ನಮ್ಮ ಫ್ರೇಮ್ ಕಟ್ಟಡದಲ್ಲಿ ಆ ಪಟ್ಟಿಗೆ ಸಮಾನವಾದದ್ದು ಕಂಬ ಮತ್ತು ತೊಲೆ ಕೂಡೋ ಜಾಗದ ರಿಂಗು. ತೊಲೆ ಕಂಬಿ ಇಳಿದ ಮೇಲೆ ಅಲ್ಲಿ ರಿಂಗ್ ತೂರಿಸೋದು ಬಲು ಕಷ್ಟ, ಹಾಗಾಗಿ ಕೈಬಿಡೋದು ಸುಲಭ. ಭೂಕಂಪದಲ್ಲಿ ಮೊದಲು ಬಾಯಿ ಬಿಡೋ ಜಾಗ ಅದೇ. ರಿಂಗಿನ ತುದಿಯ ಹುಕ್ 135 ಡಿಗ್ರಿ ಒಳಕ್ಕೆ ಬಾಗಿರಬೇಕು. 90 ಡಿಗ್ರಿ ಆದ್ರೆ ಕವರ್ ಉದುರಿದ ಕ್ಷಣ ಬಿಚ್ಚಿಕೊಳ್ಳುತ್ತೆ. ಕಂಬದ ತುದಿಗಳಲ್ಲಿ ರಿಂಗಿನ ಅಂತರ 100 ಮಿ.ಮೀ. ಮೀರಬಾರದು. ಮೋಲ್ಡ್ ಹಾಕೋ ಹಿಂದಿನ ದಿನದ ಫೋಟೋ ಕೇಳಿ, ಪ್ರತಿ ಕಂಬದ ತಲೆ ಕಾಣೋ ಹಾಗೆ, ಟೇಪ್ ಇಟ್ಟು ತೆಗೆದದ್ದು. ಫೋಟೋ ಇಲ್ಲ ಅಂದ್ರೆ ರಾಡಾರ್ ಸ್ಕ್ಯಾನ್ ಮಾಡಿಸಬಹುದು. ಕಂಬಿ ದಟ್ಟವಾಗಿರೋ ಕಡೆ ಕವರ್ ಮೀಟರ್ ಒಂದನ್ನೊಂದು ಬೆರೆಸಿ ತೋರಿಸುತ್ತೆ. ರಾಡಾರ್‌ನಿಂದಲೂ ಕಂಬಿ ಎಲ್ಲಿದೆ ಅಂತ ಗೊತ್ತಾಗುತ್ತೆ, ಹುಕ್ ಹೇಗೆ ಬಾಗಿದೆ ಅಂತ ಗೊತ್ತಾಗಲ್ಲ.

ವಾಟ_ಸರಿಮಾಡಿ · 15:58
ಕಂಬ ತೊಲೆಯಲ್ಲೇ ಮುಳುಗಿದ್ದೀರಿ. ದಿನಾ ಕಾಟ ಕೊಡೋ ದೋಷ ನೀರಿನದು. ಬಾತ್‌ರೂಮ್ ಟೈಲ್ಸ್ ಆಗಿದೆಯಾ?

ಮೆಟ್ಟಿಲ_ಕೆಳಗೆ · 16:03
ಎರಡು ಮಹಡಿ ಆಗಿದೆ, ಮೇಲಿನ ಎರಡು ಇನ್ನೂ ಆಗಿಲ್ಲ.

ವಾಟ_ಸರಿಮಾಡಿ · 16:20
ಹಂಗಾದ್ರೆ ಮೇಲಿನ ಎರಡಕ್ಕೆ ನಾಳೆಯೇ ನೆಲದ ಮೇಲೆ ನೀರು ತುಂಬಿ ನಿಲ್ಲಿಸಿ. ಡ್ರೈನ್ ಬಾಯಿಗೆ ರಬ್ಬರ್ ಪ್ಲಗ್ ಬಿಗಿದು, ಬಾಗಿಲಿಗೆ ಕಟ್ಟೆ ಕಟ್ಟಿ, ಅತಿ ಎತ್ತರದ ಜಾಗದಲ್ಲೂ 25 ಮಿ.ಮೀ. ನಿಲ್ಲೋ ಹಾಗೆ ತುಂಬಿ. ಗೋಡೆ ಮೇಲೆ ಪೆನ್ಸಿಲ್ ಗೆರೆ, ತಾರೀಕು, ಗಂಟೆ. 48 ಗಂಟೆ ಬಿಡಿ. ಪಕ್ಕದಲ್ಲೇ ಅಗಲ ಬಾಯಿನ ಪಾತ್ರೆಯಲ್ಲಿ ನೀರಿಟ್ಟು ಅದರ ಮಟ್ಟವನ್ನೂ ಗುರುತು ಮಾಡಿ. ಪಾತ್ರೆಯಲ್ಲಿ 3 ಮಿ.ಮೀ. ಇಳಿದು ನೆಲದಲ್ಲೂ 3 ಇಳಿದಿದ್ರೆ ಆವಿ, ನೆಲದಲ್ಲಿ 9 ಇಳಿದಿದ್ರೆ ಸೋರಿಕೆ. ಪಾತ್ರೆ ಇಡದೆ "ಆವಿ ಆಯ್ತು" ಅನ್ನೋರ ಜೊತೆ ವಾದ ಮಾಡೋಕಾಗಲ್ಲ.

ಸೋರೋದು ಸಾಮಾನ್ಯವಾಗಿ ನೆಲದ ನಡುವೆ ಅಲ್ಲ. ಪೈಪ್ ಸ್ಲ್ಯಾಬನ್ನ ತೂರೋ ಜಾಗ, ಗೋಡೆ ಮತ್ತು ನೆಲ ಕೂಡೋ ಮೂಲೆ, ಬಾಗಿಲ ಹೊಸ್ತಿಲು. ಮೂಲೆಯನ್ನ ಚೂಪಾಗಿ ಬಿಡದೆ ಗುಂಡಗೆ ಗಾರೆ ತುಂಬಿ, ನೀರು ತಡೆಯೋ ಲೇಪನವನ್ನ ಗೋಡೆ ಮೇಲೆ 150 ಮಿ.ಮೀ. ಆದ್ರೂ ಏರಿಸಿರಬೇಕು, ಸ್ನಾನದ ಕಡೆ ಇನ್ನೂ ಮೇಲೆ. ಟೈಲ್ಸ್ ಆದ ಮೇಲೆ ಮತ್ತೊಂದು ಸಲ ನಿಲ್ಲಿಸಿ, ಲೇಪನದ ಮೇಲೆ ನಡೆದು, ಉಳಿ ಬಿದ್ದು ಹಾಳಾಗಿರುತ್ತೆ.

ಮೆಗ್ಗರ್ · 16:41
ಥರ್ಮಲ್ ಕ್ಯಾಮೆರಾ ಹಿಡಿದು ಬಂದು ನೀಲಿ ಚುಕ್ಕೆ ತೋರಿಸಿ ತೇವ ಅನ್ನೋರ ಬಗ್ಗೆ ಒಂದು ಮಾತು. ಅದು ನೋಡೋದು ಮೇಲ್ಮೈ ಉಷ್ಣತೆ, ನೀರನ್ನಲ್ಲ. ತೇವ ಆರುವಾಗ ತಂಪಾಗುತ್ತೆ ನಿಜ, ಆದ್ರೆ ಕಾಂಕ್ರೀಟ್ ತೊಲೆ, ಎಸಿ ಗಾಳಿ ಬಡಿಯೋ ಮೂಲೆಯೂ ತಂಪೇ. ಚುಕ್ಕೆ ಕಂಡ ಕಡೆ ಪಿನ್ ಮೀಟರ್ ಚುಚ್ಚಿ ಖಚಿತ ಮಾಡ್ಕೋಬೇಕು. ಗೋಡೆಯಲ್ಲಿ ಲವಣ ಇದ್ದರೆ ಪಿನ್ ಮೀಟರೂ ಸುಳ್ಳು ಹೇಳುತ್ತೆ, ಹಾಗಾಗಿ ಒಣಗಿರೋದು ಖಂಡಿತ ಅನ್ನೋ ಜಾಗದ ಅಂಕಿ ಜೊತೆ ಹೋಲಿಸಿ.

ಕ್ಯಾಮೆರಾ ಬಂದಾಗ ಸುಮ್ನೆ ಕಳಿಸಬೇಡಿ, ಲೋಡ್ ಹಾಕಿ ವಿತರಣಾ ಪೆಟ್ಟಿಗೆ ತೋರಿಸಿ. ಸಡಿಲ ಸ್ಕ್ರೂ ಬಿಸಿಯಾಗಿ ಎದ್ದು ಕಾಣುತ್ತೆ. ವೈರಿಂಗ್‌ಗೆ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯೋ ಮೀಟರ್) ಹಾಕಿ, 1 ಮೆಗಾಓಮ್‌ಗಿಂತ ಕಡಿಮೆ ಬಂದ್ರೆ ಒಪ್ಪಬೇಡಿ. ಅದಕ್ಕೆ ಮೊದಲು ಎಲೆಕ್ಟ್ರಾನಿಕ್ ಉಪಕರಣ ಎಲ್ಲ ಬಿಚ್ಚಿರಲಿ, ಇಲ್ಲದಿದ್ರೆ ಸುಟ್ಟುಹೋಗುತ್ತವೆ. 30 ಮಿಲಿ ಆಂಪಿಯರ್ ಸೋರಿಕೆ ಬ್ರೇಕರ್‌ನ ಟೆಸ್ಟ್ ಗುಂಡಿ ಒತ್ತಿ ಟಪ್ ಅಂತು ಅಂದ್ರೆ ಬ್ರೇಕರ್ ಸರಿ ಇದೆ ಅಂತ ಮಾತ್ರ. ಸಾಕೆಟ್ಟಿಗೆ ಅರ್ತಿಂಗ್ ಬಂದಿದೆಯಾ ಅನ್ನೋದನ್ನ ಬೇರೆಯಾಗಿಯೇ ನೋಡಬೇಕು.

ಸುಮ್ನೆ_ಓದ್ತೀನಿ · 16:55
ಬಿರುಕು ಕಂಡರೆ ಯಾವುದಕ್ಕೆ ಹೆದರಬೇಕು?

ಕರಣೆ_ಕೈ · 17:12
ಜೇಡರ ಬಲೆ ಥರ ಕೂದಲೆಳೆ ಬಿರುಕು: ಗಿಲಾವಿಗೆ ಸಿಮೆಂಟ್ ಹೆಚ್ಚು, ಕ್ಯೂರಿಂಗ್ ಕಡಿಮೆ. ಹೆದರಬೇಡಿ. ತೊಲೆ ಮತ್ತು ಬ್ಲಾಕ್ ಗೋಡೆ ಸೇರೋ ಗೆರೆಯಲ್ಲೇ ನೇರ ಬಿರುಕು: ಕೊನೆ ವರಸೆಯನ್ನ ಅವಸರಕ್ಕೆ ಮುಚ್ಚಿದ್ದಾರೆ, ಇಲ್ಲಾ ಸಂದಿಗೆ ಜಾಲರಿ ಹಾಕಿಲ್ಲ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆ ಬಿರುಕು, ಒಂದು ತುದಿ ಅಗಲ ಇನ್ನೊಂದು ಸಣ್ಣ: ಪಾಯ ಕೂರ್ತಿರಬಹುದು, ಹೆದರಿ. ತೊಲೆಯ ಅಡಿಯಲ್ಲಿ ಕಂಬಿ ಓಡಿದ ದಾರಿಯಲ್ಲೇ ಬಿರುಕು, ಕಂದು ಕಲೆ: ತುಕ್ಕು. ಕಂಬದಲ್ಲಿ ಉದ್ದುದ್ದ ಬಿರುಕು: ಗಿಲಾವು ತೆಗೆದು ಅದು ಕಾಂಕ್ರೀಟಿನಲ್ಲೂ ಇದೆಯಾ ಅಂತ ಅವತ್ತೇ ನೋಡಿ.

ಬೆಳೀತಿದೆಯಾ ನಿಂತಿದೆಯಾ ಅಂತ ತಿಳಿಯೋಕೆ ಎರಡೂ ತುದಿಗೆ ಗೆರೆ ಎಳೆದು ತಾರೀಕು ಬರೀರಿ, ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನ ಎಪಾಕ್ಸಿಯಿಂದ ಅಂಟಿಸಿ. ಗಿಲಾವಿನ ಮೇಲಲ್ಲ, ಗಿಲಾವು ತೆಗೆದ ಮೈ ಮೇಲೆ. ಗಾಜು ಒಡೆದರೆ ಜೀವಂತ ಬಿರುಕು.

ತೂಗುಗುಂಡು · 17:20
ಲೆವೆಲ್ ಕೂಡ ಚೆಕ್ ಮಾಡಿ. ಲೇಸರ್ ಬೇಡ, ನೀರಿನ ಪಾರದರ್ಶಕ ಪೈಪ್ ಸಾಕು.

ವಾಟ_ಸರಿಮಾಡಿ · 17:23
ಯಾವ ಕಾಲದಲ್ಲಿದ್ದೀರಿ ತೂಗುಗುಂಡಣ್ಣ.

ತೂಗುಗುಂಡು · 17:26
ಲೇಸರ್ ಒಂದು ಸಲ ಕೈತಪ್ಪಿ ಬಿದ್ದರೆ ಗೊತ್ತಾಗದೇ ತಪ್ಪು ತೋರಿಸುತ್ತೆ. ನೀರು ಬೀಳಲ್ಲ.

ವಾಟ_ಸರಿಮಾಡಿ · 17:28
ಪೈಪಿನೊಳಗೆ ಒಂದು ಗಾಳಿಗುಳ್ಳೆ ಸೇರಿದ್ರೆ ನೀರೂ ತಪ್ಪೇ ತೋರಿಸುತ್ತೆ. ಎರಡು ತುದಿ ಪಕ್ಕ ಪಕ್ಕ ಹಿಡಿದು ಮಟ್ಟ ಒಂದೇ ಇದೆಯಾ ಅಂತ ನೋಡ್ಕೊಂಡೇ ಶುರು ಮಾಡಬೇಕು.

ಮೆಟ್ಟಿಲ_ಕೆಳಗೆ · 18:05
ಎಲ್ಲರಿಗೂ ಧನ್ಯವಾದ. ನಾನು ಮಾಡಿಕೊಂಡ ಕ್ರಮ: ಮೊದಲು ಎಲ್ಲಾ ಕಂಬದ ಬುಡದಲ್ಲಿ ಗಿಲಾವು ತೆಗೆದು ಕಣ್ಣಲ್ಲೇ ನೋಡೋದು, ಎಂಟು ಬಾಲ್ಕನಿಗೆ ಕವರ್ ಮೀಟರ್, ಮೇಲಿನ ಬಾತ್‌ರೂಮ್‌ಗಳಿಗೆ ನೀರು. ಆಮೇಲೆ ಹ್ಯಾಮರ್, ಪಲ್ಸ್ ಎರಡೂ ಎಲ್ಲಾ ಮಹಡಿಯಲ್ಲಿ, ಕೆಳಗೆ ಬಿದ್ದ ಕಡೆ ಕೋರ್. ಕಂಬ ತೊಲೆ ಸೇರೋ ಜಾಗಕ್ಕೆ ಫೋಟೋ ಕೇಳ್ತೀನಿ. ಸರಿ ಇದೆಯಾ?

ಸೈಟ್_ಡೈರಿ · 18:14
ಫೋಟೋವನ್ನ ಮೊದಲು ಕೇಳಿ. ಫೋಟೋ ತೆಗೆದ ತಾರೀಕು ಮತ್ತೆ ಲಾರಿ ಚೀಟಿಯ ತಾರೀಕು ತಾಳೆಯಾಗುತ್ತಾ ನೋಡಿ.

ಬೈಂಡಿಂಗ್_ವೈರ್ · 18:20
ಹ್ಯಾಮರ್ ಜಾಗಗಳನ್ನ ನೀವೇ ನಕ್ಷೆ ಮೇಲೆ ಗುರುತು ಹಾಕಿ ಕೊಡಿ. ಕಟ್ಟಿದವರು ಆರಿಸೋದು ಬೇಡ.

ವಾಟ_ಸರಿಮಾಡಿ · 18:31
ನೀರು ನಿಲ್ಲಿಸೋ ಮುಂಚೆ ಕೆಳಗಿನ ಮನೆ ಸೀಲಿಂಗ್‌ನ ಫೋಟೋ ತೆಗೆದಿಡಿ. ಈಗಾಗಲೇ ಇರೋ ಕಲೆ ಯಾವುದು, ಹೊಸದು ಯಾವುದು ಅಂತ ಆಮೇಲೆ ಜಗಳ ಬೇಡ.